ಕುರ್ಚಿಯಡಿಯ ತಾಳ ಓದುವ ಹಲಗೆಯಕ್ಕ

ಬೆಳಗಿನ ಜಾವ ಐದು ಗಂಟೆ. ಏಳುನೂರು ಕೆಂಪು ಕುರ್ಚಿಗಳಿರುವ ಸಂಗೀತದ ಹಾಲ್‌ನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೂರನೇ ಸಾಲಿನ ನಡುವೆ ಹೆಂಗಸೊಬ್ಬರು ಬಲಮೊಣಕಾಲು ಊರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕುರ್ಚಿಗಳ ಅಡಿಗೆ ಟಾರ್ಚ್ ಬಿಡುತ್ತಿದ್ದಾರೆ. ನೋಡಿದವರಿಗೆ ಕಿವಿಯೋಲೆ ಕಳೆದುಕೊಂಡಿರಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ಉದ್ದ ಹಿಡಿಯ ಪೊರಕೆ ಗೋಡೆಗೆ ಒರಗಿಕೊಂಡು ತನ್ನ ಸರದಿ ಬರಲಿ ಎಂದು ಕಾಯುತ್ತಿದೆ. ಐದು ನಿಮಿಷ ಹೀಗೆ ಸಾಲಿನಿಂದ ಸಾಲಿಗೆ ಬೆಳಕು ಹಾಯಿಸಿ, ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, ಅವರು ತೀರ್ಪು ಕೊಡುತ್ತಾರೆ.

"ಮೊದಲರ್ಧ ಚೆನ್ನಾಗಿತ್ತು. ಆಮೇಲೆ ಯಾರೋ ಮೈಕು ಹಿಡ್ಕೊಂಡು ಭಾಷಣ ಮಾಡಿದಾರೆ."

ನಿನ್ನೆ ಸಂಜೆ ಅವರು ಈ ಹಾಲ್‌ನ ಹತ್ತಿರವೂ ಸುಳಿದಿಲ್ಲ. ರಾತ್ರಿ ಎಂಟಕ್ಕೆಲ್ಲ ಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದರು. ಆದರೆ ಮಾತು ನಿಜ. ಮಧ್ಯಂತರದ ನಂತರ ಯಾರೋ ದೊಡ್ಡ ಮನುಷ್ಯರೊಬ್ಬರು ಮುಕ್ಕಾಲು ಗಂಟೆ ಎಲ್ಲರ ತಲೆ ತಿಂದರೆಂದು ಬಾಗಿಲ ಕಾವಲಿನವನೇ ಒಪ್ಪಿಕೊಳ್ಳುತ್ತಾನೆ. ಅಕ್ಕ ಕೈಯಲ್ಲಿರುವ ಸಾಕ್ಷಿ ತೋರಿಸುತ್ತಾರೆ. ಕಾರ್ಯಕ್ರಮದ ಚೀಟಿಗಳಲ್ಲಿ ಮಡಚಿದ ಒಂಬತ್ತು ಕಾಗದದ ದೋಣಿಗಳು. "ಸಂಗೀತ ನಡೀತಾ ಇರೋವಾಗ ಯಾರೂ ದೋಣಿ ಮಾಡಲ್ಲ. ಕೈಗೆ ಬಿಡುವಿರಲ್ಲ."

ಈ ಭಾಗದ ಐದು ಸಂಗೀತದ ಹಾಲ್‌ಗಳನ್ನು ಹನ್ನೊಂದು ವರ್ಷಗಳಿಂದ ಗುಡಿಸುತ್ತಿರುವ ಇವರಿಗೆ ಐವತ್ತೆಂಟು ವಯಸ್ಸು. ಎಲ್ಲರೂ ಕರೆಯುವುದು ಹಲಗೆಯಕ್ಕ ಎಂದು. ಆ ಹೆಸರು ಬಂದದ್ದು ಅವರ ಆರನೇ ಕೆಲಸದಿಂದ. ಹಾಲ್‌ಗಳು ಮುಗಿದ ಮೇಲೆ, ಬಸ್ ನಿಲ್ದಾಣದ ಎದುರಿನ ಲಾಡ್ಜ್‌ನಲ್ಲಿ ಅವರು ಮುಂದಿನ ಕೋಣೆಯ ನೆಲ ಒರೆಸುತ್ತಾರೆ. ಊರೂರಿಂದ ಬಂದು ಇಳಿದವರು ಸಂಜೆ ಹೊತ್ತು ಕಳೆಯಲು ಸಂಗೀತ ಕೇಳಬೇಕೆಂದರೆ, ಇಷ್ಟು ದೊಡ್ಡ ನಗರದಲ್ಲಿ ಎಲ್ಲಿಗೆ ಹೋಗುವುದೆಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಪ್ರತಿ ಹಾಲ್‌ನ ಜಾಹೀರಾತೂ ತನ್ನಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ ಎನ್ನುತ್ತದೆ. ಒಂದು ದಿನ ಹಾಗೆ ಗೊಣಗುತ್ತಿದ್ದ ಗಂಡ ಹೆಂಡತಿಗೆ ಅಕ್ಕ ಒರೆಸುವ ಬಟ್ಟೆ ಹಿಂಡುತ್ತಲೇ, "ಫ್ಯಾನಿಲ್ಲದ್ದಕ್ಕೆ ಹೋಗಿ, ಸೆಕೆಯಾದ್ರೂ ಪರವಾಗಿಲ್ಲ" ಎಂದುಬಿಟ್ಟರು. ಅವರು ಹೋದರು. ಹಿಂತಿರುಗಿದ ಮೇಲೆ ಇನ್ನೆರಡು ದಿನ ಉಳಿಯುತ್ತೇವೆಂದು ಕೋಣೆ ಮುಂದುವರಿಸಿಕೊಂಡರು. ಲಾಡ್ಜ್ ಮ್ಯಾನೇಜರ್‌ಗೆ ಅಷ್ಟು ಸಾಕಾಯಿತು. ಮಾರನೆಯ ದಿನವೇ ಮೂರಡಿ ಅಗಲದ ಕರಿಹಲಗೆ ತಂದು ಮೊಳೆ ಹೊಡೆಸಿದರು.

ಹಲಗೆಯ ಮೇಲಿನ ಹೆಸರುಗಳೆಲ್ಲ ಅಕ್ಕನ ನಾಮಕರಣ. ಕೆಂಪು ಕುರ್ಚಿ, ಮೆಟ್ಟಿಲಿನದು, ಶಾಲೆಯದು, ತಾರಸಿಯ ಮೇಲಿನ ಫ್ಯಾನಿಲ್ಲದ್ದು, ಮತ್ತು ನೆಲಮಾಳಿಗೆ. ಹಾಲ್‌ಗಳ ಬಾಗಿಲ ಮೇಲೆ ದೊಡ್ಡ ದೊಡ್ಡ ಹೆಸರುಗಳು ಇಲ್ಲವೆಂದಲ್ಲ. ಅವನ್ನು ಅಕ್ಕ ಓದಿಯೂ ಇದ್ದಾರೆ, ಆದರೆ ಬಾಯಿಗೆ ಬರುವುದಿಲ್ಲ. ಫೋನಿನಲ್ಲಿ 'ಫ್ಯಾನಿಲ್ಲದ್ದು' ಎಂದು ಹುಡುಕಿ ಸುಸ್ತಾದವರ ಕಾಟ ತಾಳಲಾರದೆ ಮ್ಯಾನೇಜರ್ ಪಕ್ಕದಲ್ಲೊಂದು ದಾರಿಯ ನಕ್ಷೆ ಬರೆದು ಅಂಟಿಸಿದ್ದಾರೆ. ಪ್ರತಿ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ಒಂದೇ ಒಂದು ಮಾತು. ಹೋಗಿ. ಬೇಡ. ಹೋಗಿ, ಹಿಂದಿನ ಸಾಲು ಬೇಡ. ಮಧ್ಯಂತರಕ್ಕೆ ಎದ್ದು ಬನ್ನಿ. ಈಗ ಅಕ್ಕಪಕ್ಕದ ಲಾಡ್ಜ್‌ಗಳವರೂ ಬಂದು ಹಲಗೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಈ ಹಾಲ್‌ಗಳಲ್ಲಿ ಒಂದು ತಂಡ ಬಂದಿತೆಂದರೆ ವಾರ ಪೂರ್ತಿ ಇರುತ್ತದೆ. ಹಾಗಾಗಿ ನಿನ್ನೆಯ ನೆಲ ನೋಡಿದರೆ ಇವತ್ತಿನ ಸಂಜೆ ಹೇಗಿದ್ದೀತೆಂದು ಗೊತ್ತಾಗುತ್ತದೆ. ಓದುವುದು ಹೇಗೆ ಎಂದರೆ ಅಕ್ಕ ಗುಟ್ಟೇನೂ ಮಾಡುವುದಿಲ್ಲ. "ಚೀಟಿ ನೆಲದ ಮೇಲೆ ಬಿದ್ದಿದ್ರೆ ಸಪ್ಪೆ. ಚೆನ್ನಾಗಿದ್ರೆ ಮನೆಗೆ ತಗೊಂಡು ಹೋಗ್ತಾರೆ, ನಾಲ್ಕು ಜನಕ್ಕೆ ತೋರಿಸೋಕೆ. ಮಿಠಾಯಿ ಕಾಗದ ಬಾಗಿಲ ಹತ್ರ ಬಿದ್ದಿದ್ರೆ, ಎದ್ದು ಹೊರಗೆ ಬಂದು ನಿಂತಿದ್ರು ಅಂತ ಅರ್ಥ. ಸಾಲಿನ ತುದಿ ಕುರ್ಚಿ ಬಾಗಿಲ ಕಡೆ ತಿರುಗಿದ್ರೆ, ಕೂತೋರ ಮನಸ್ಸು ಆಗಲೇ ಬಸ್ ಹತ್ತಿ ಆಯ್ತು."

ಇದೆಲ್ಲ ಯಾರು ಬೇಕಾದರೂ ಕಲಿಯಬಹುದು. ಅಕ್ಕನ ನಿಜವಾದ ಗುರುತು ಕುರ್ಚಿಯ ಅಡಿಯಲ್ಲಿದೆ. ಬೀದಿಯ ಧೂಳೆಲ್ಲ ಜನರ ಚಪ್ಪಲಿ, ಬೂಟುಗಳಿಗೆ ಅಂಟಿ ಒಳಗೆ ಬಂದು, ಸಂಜೆಯ ಹೊತ್ತಿಗೆ ನೆಲದ ಮೇಲೆ ತೆಳ್ಳಗೆ ಕೂತಿರುತ್ತದೆ. ಸಂಗೀತ ಮನಸ್ಸಿಗೆ ಹಿಡಿಸಿದರೆ ಕೂತವರ ಪಾದ ತನಗೆ ತಾನೇ ತಾಳ ಹಾಕಲು ಶುರು ಮಾಡುತ್ತದೆ. ಹಿಮ್ಮಡಿ ಊರಿದಲ್ಲೇ ಇರುತ್ತದೆ, ಮುಂಗಾಲು ಏಳುತ್ತದೆ, ಬೀಳುತ್ತದೆ. ಎರಡು ಗಂಟೆ ಹಾಗೆ ಬಡಿದರೆ ಅಂಗೈಯಷ್ಟು ಜಾಗದ ಧೂಳು ಸವೆದು ನೆಲ ಹೊಳೆಯುತ್ತದೆ. ನಿಂತು ನೋಡಿದರೆ ಕಾಣುವುದಿಲ್ಲ. ಬಗ್ಗಿ, ಟಾರ್ಚನ್ನು ನೆಲಕ್ಕೆ ಮಟ್ಟವಾಗಿ ಹಿಡಿದರೆ ಮಾತ್ರ ಸಾಲು ಸಾಲಾಗಿ ಹೊಳೆಯುವ ಮಚ್ಚೆಗಳು ಕಾಣುತ್ತವೆ. "ಕೈ ಚಪ್ಪಾಳೆ ಮರ್ಯಾದೆಗೆ ಹೊಡೆಯುತ್ತೆ. ಕಾಲಿಗೆ ಮರ್ಯಾದೆ ಗೊತ್ತಿಲ್ಲ, ಅದು ಸುಳ್ಳು ಹೇಳಲ್ಲ" ಎನ್ನುತ್ತಾರೆ ಅಕ್ಕ. "ನನಗೆ ರಾಗ ಗೀಗ ಒಂದೂ ಗೊತ್ತಿಲ್ಲ ನೋಡಿ. ಕೇಳಿದೋರ ಕಾಲು ಗೊತ್ತು, ಅಷ್ಟೇ."

ದಿನದ ಲೆಕ್ಕ ಕೇಳಿದರೆ ನಮ್ಮಂಥವರ ಸೊಂಟ ಹಿಡಿದುಕೊಳ್ಳುತ್ತದೆ. ಮೂರೂವರೆಗೆ ಏಳುವುದು. ಐದು ಹಾಲ್, ಒಟ್ಟು ಸಾವಿರದ ನಾನ್ನೂರ ಅರವತ್ತು ಕುರ್ಚಿ, ಹತ್ತಿಳಿಯಲು ಇನ್ನೂರ ಹನ್ನೆರಡು ಮೆಟ್ಟಿಲು. ತಿಂಗಳಿಗೆ ಮೂರು ಪೊರಕೆ ಸವೆಯುತ್ತವೆ. ಯಂತ್ರದ ಕಾರ್ಖಾನೆಯಲ್ಲಿ ಗಂಡನ ಕೆಲಸ ಹೋದ ವರ್ಷ ಅಕ್ಕ ಪೊರಕೆ ಹಿಡಿದರು, ಬಿಡಲಿಲ್ಲ. ಕಾರ್ಖಾನೆ ಗಂಡನ ಒಂದು ಕಿವಿಯನ್ನೂ ತೆಗೆದುಕೊಂಡಿತ್ತು. ಈಗ ಅವರು ಮನೆಯಲ್ಲಿ ಹೆಂಡತಿಯ ಪೊರಕೆಗಳಿಗೆ ಭುಜದೆತ್ತರದ ಹಿಡಿ ಕಟ್ಟಿಕೊಡುತ್ತಾರೆ, ಬಗ್ಗುವುದು ಕಡಿಮೆಯಾಗಲಿ ಎಂದು. ಹೆಂಡತಿ ಟಾರ್ಚ್ ಹಿಡಿದು ಮತ್ತೆ ಬಗ್ಗಿಯೇ ಬಗ್ಗುತ್ತಾಳೆಂದು ತಿಳಿದಾಗ, "ನನಗೆ ಒಂದು ಕಿವಿ ಇಲ್ಲ, ನಿನಗೆ ಎರಡಿದ್ದೂ ನೆಲದಿಂದ ಕೇಳ್ತೀಯ, ಒಳ್ಳೆ ಜೋಡಿ" ಎಂದು ನಕ್ಕರಂತೆ. ಎರಡು ವರ್ಷದಿಂದ ಅಕ್ಕನ ಎಡಮೊಣಕಾಲು ಮೆಟ್ಟಿಲಲ್ಲಿ ಹಟ ಹಿಡಿಯುತ್ತದೆ. ನೆಲಮಾಳಿಗೆಯ ಹತ್ತೊಂಬತ್ತು ಮೆಟ್ಟಿಲುಗಳನ್ನು ಅವರು ಗೋಡೆ ಹಿಡಿದು, ಮೊಣಕಾಲಿಗೆ ಬೈಯುತ್ತಾ ಇಳಿಯುತ್ತಾರೆ.

ಅಕ್ಕ ಜೀವನದಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಶುರುವಾದದ್ದು ಆ ಮೊಣಕಾಲಿನಿಂದಲೇ. ಈ ಕಥೆಯನ್ನು ಬರೆಯಬೇಡಿ ಎಂದು ಅವರೇನೂ ಹೇಳಲಿಲ್ಲ. "ಬರೀರಿ. ಹಲಗೆ ಮೇಲೇ ಬರೆದಿದ್ದೀನಿ, ಪೇಪರ್‌ನಲ್ಲಿ ಬಂದ್ರೆ ಏನಂತೆ" ಎಂದರು.

ನೆಲಮಾಳಿಗೆ ಎಂದರೆ ಅಂಗಿಯ ಗುಂಡಿ ಮಾರುವ ಹಳೆಯ ಅಂಗಡಿಯೊಂದರ ಕೆಳಗಿರುವ ತೊಂಬತ್ತು ಕುರ್ಚಿಯ ಪುಟ್ಟ ಹಾಲ್. ಅಲ್ಲಿ ವಾರಕ್ಕೆ ಮೂರು ಸಂಜೆ, ವರ್ಷವಿಡೀ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇಬ್ಬರು ಜೊತೆಗಾರರೊಂದಿಗೆ ಕೊಳಲು ನುಡಿಸುತ್ತಾರೆ. ಅಕ್ಕನ ಹಲಗೆಯಲ್ಲಿ ನೆಲಮಾಳಿಗೆಯ ಮುಂದೆ ಸದಾ 'ಹೋಗಿ' ಎಂದೇ ಇರುತ್ತಿತ್ತು. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ಇಳಿದು ನೋಡಿದರೆ ಕುರ್ಚಿಗಳ ಅಡಿಯಲ್ಲಿ ಒಂದು ಮಚ್ಚೆಯೂ ಇಲ್ಲ. ಮುಂದಿನ ಸಾಲುಗಳಲ್ಲಿ ಚೀಟಿಗಳು ಬಿದ್ದಿದ್ದವು. ಬಾಗಿಲ ಹತ್ತಿರ ಮಿಠಾಯಿ ಕಾಗದ. ಅಜ್ಜಿಗೆ ವಯಸ್ಸಾಯಿತು, ಉಸಿರು ಸಾಲುತ್ತಿಲ್ಲವೇನೋ ಎಂದು ಅಕ್ಕ ಮರುಗಿದರು. ಒಂದು ವಾರ ಕಾದರು. ನೆಲ ಬದಲಾಗಲಿಲ್ಲ. ಆಮೇಲೆ ಕಲ್ಲುಮನಸ್ಸು ಮಾಡಿ, 'ನೆಲಮಾಳಿಗೆ: ಸದ್ಯಕ್ಕೆ ಬೇಡ' ಎಂದು ಬರೆದರು.

ಐದು ವಾರ ಆ ಸಾಲು ಹಾಗೇ ಇತ್ತು. ಎಂಬತ್ತು ಜನ ಬರುತ್ತಿದ್ದಲ್ಲಿ ಮೂವತ್ತಾದರು, ಇಪ್ಪತ್ತಾದರು. ಅಂಗಡಿಯ ಯಜಮಾನರು ಕೆಳಗೆ ಅಷ್ಟು ಜಾಗ ಖಾಲಿ ಬಿಟ್ಟು ಏನು ಮಾಡುವುದು, ತಿಂಗಳ ಕೊನೆಗೆ ಕಪಾಟು ಇಳಿಸಿ ಗುಂಡಿಯ ದಾಸ್ತಾನು ಇಡೋಣ ಎಂದು ಹೇಳಿಯೂ ಬಿಟ್ಟರು. ಕೊಳಲಿನ ಅಜ್ಜಿ ಯಾರೊಂದಿಗೂ ಜಗಳವಾಡಲಿಲ್ಲ. ಆ ಹಾಲ್ ಬಿಟ್ಟರೆ ಅವರು ನುಡಿಸಲು ಬೇರೆ ಜಾಗವಿರಲಿಲ್ಲ.

ಗುಟ್ಟು ಬಯಲಾದದ್ದು ಒಂದು ಹಲ್ಲಿನಿಂದ. ನೆಲಮಾಳಿಗೆಯ ಕಾವಲುಗಾರ ಕೊಳೆತ ಹಲ್ಲು ಕೀಳಿಸಿಕೊಳ್ಳಲು ಒಂದು ದಿನ ರಜೆ ಹಾಕಿದ್ದ. ಆ ಬೆಳಿಗ್ಗೆ ಅಕ್ಕ ತಾವೇ ಬೀಗ ತೆಗೆದು, ಟಾರ್ಚ್ ಬಿಟ್ಟರು. ಹಿಂದಿನ ಸಂಜೆ ಬಂದವರು ಹದಿನಾಲ್ಕೇ ಜನ. ಆದರೆ ಹದಿನಾಲ್ಕು ಕುರ್ಚಿಗಳ ಅಡಿಯಲ್ಲೂ ಮಚ್ಚೆ, ಕನ್ನಡಿಯ ಹಾಗೆ ಹೊಳೆಯುವ ಮಚ್ಚೆ. ಹುಡುಕಿದರೂ ಒಂದು ಚೀಟಿ ಸಿಗಲಿಲ್ಲ. ಪೊರಕೆ ಪಕ್ಕಕ್ಕಿಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹಾಲ್‌ನ ಕುರ್ಚಿಯೊಂದರಲ್ಲಿ ಕೂತುಬಿಟ್ಟರು.

ಮಾರನೆಯ ದಿನ ಕಾವಲುಗಾರ ಊದಿದ ಕೆನ್ನೆ ಹಿಡಿದುಕೊಂಡು ಬಂದಾಗ ಅಕ್ಕ ಮೆಟ್ಟಿಲ ಬುಡದಲ್ಲೇ ಅವನಿಗಾಗಿ ಕಾದಿದ್ದರು. "ನಾನು ಬರೋಕೆ ಮುಂಚೆ ಇಲ್ಲಿ ಯಾರು ಗುಡಿಸ್ತಾ ಇದ್ರು?" ಎಂದು ಒಂದೇ ಪ್ರಶ್ನೆ. ಅವನು ನೆಲ ನೋಡಿದ. ಆಮೇಲೆ ಎಲ್ಲ ಬಾಯಿಬಿಟ್ಟ, ಬಾಯಿ ಬಿಡಲು ಬಂದಷ್ಟು. "ನಿಮ್ಮ ಮೊಣಕಾಲು ನೋಡೋಕಾಗ್ತಿರ್ಲಿಲ್ಲ ಅಕ್ಕ. ನಾಲ್ಕು ಗಂಟೆಗೇ ಎದ್ದು ಗುಡಿಸಿ, ಒರೆಸಿ ಇಡ್ತಿದ್ದೆ. ಹೇಳಿದ್ರೆ ನೀವು ಬೇಡ ಅಂತೀರ ಅಂತ ಹೇಳ್ಲಿಲ್ಲ."

"ಮತ್ತೆ ಆ ಚೀಟಿ, ಮಿಠಾಯಿ ಕಾಗದ?"

"ಅದು ನಾನೇ ಹಾಕಿದ್ದು, ಜೊತೆಗೆ ಮೆಟ್ಟಿಲಿನ ಧೂಳೂ ಒಂದಿಷ್ಟು ಉದುರಿಸ್ತಿದ್ದೆ. ಪೂರ್ತಿ ಸ್ವಚ್ಛ ಇದ್ರೆ ನಿಮಗೆ ಅನುಮಾನ ಬರುತ್ತಲ್ಲ. ಗುಡಿಸೋಕೆ ಸ್ವಲ್ಪ ಇರ್ಲಿ ಅಂತ."

ಅಂದರೆ ಆ ಪುಣ್ಯಾತ್ಮ ಒಳ್ಳೆಯ ಮನಸ್ಸಿನಿಂದ, ದಿನ ತಪ್ಪದೆ, ಕಾಲಿನ ತಾಳವನ್ನೆಲ್ಲ ಒರೆಸಿಹಾಕಿ, ಅದರ ಜಾಗದಲ್ಲಿ ಕೆಟ್ಟ ಸಂಗೀತ ಕಚೇರಿಯ ಗುರುತುಗಳನ್ನು ಒಂದೊಂದಾಗಿ ಜೋಡಿಸಿಡುತ್ತಿದ್ದ. ಬೈಯಬೇಕೋ ನಗಬೇಕೋ ಅಕ್ಕನಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದರು. "ನಿನ್ನ ಇನ್ನೊಂದು ಕೆನ್ನೆನೂ ಊದಿಸ್ತೀನಿ ನೋಡು" ಎಂದು ಹೇಳಿ, ಆಮೇಲೆ ಅವನ ನೋವಿಗೆ ಉಪ್ಪುನೀರು ಮುಕ್ಕಳಿಸಲು ಬಿಸಿನೀರು ಕಾಸಿಕೊಟ್ಟರು. ತಪ್ಪು ಅವನದೆಂದು ಮಾತ್ರ ಅಕ್ಕ ಇವತ್ತಿಗೂ ಒಪ್ಪುವುದಿಲ್ಲ. "ಅವನು ಕಸ ಹಾಕಿದ. ಓದಿದ್ದು ನಾನಲ್ವಾ? ಅಷ್ಟು ವರ್ಷ ಚೆನ್ನಾಗಿದ್ದ ಹಾಲ್ ಒಂದೇ ದಿನಕ್ಕೆ ಹೆಂಗೆ ಕೆಡುತ್ತೆ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಕಣ್ಣಿನ ಮೇಲೆ ನನಗೆ ಜಂಬ."

ಆ ಬೆಳಿಗ್ಗೆ ಹಲಗೆಯ ಮೇಲೆ ಬೇರೆ ನಾಲ್ಕು ಹಾಲ್‌ಗಳ ಸುದ್ದಿಯೇ ಇರಲಿಲ್ಲ. ಅಂಚಿನಿಂದ ಅಂಚಿನವರೆಗೆ ದಪ್ಪ ಅಕ್ಷರದಲ್ಲಿ, 'ನೆಲಮಾಳಿಗೆ ಬಗ್ಗೆ ಐದು ವಾರ ನಾನು ಬರೆದದ್ದು ತಪ್ಪು. ಅಲ್ಲಿ ಚೆನ್ನಾಗಿದೆ. ಶನಿವಾರ ಹೋಗಿ.' ಮ್ಯಾನೇಜರ್ ಓಡಿ ಬಂದರು. "ಅಕ್ಕ, ಸುಮ್ಮನೆ 'ಹೋಗಿ' ಅಂತ ಬರೆದ್ರೆ ಸಾಲದಾ? ತಪ್ಪು ಅಂತ ನೀವೇ ಬರ್ಕೊಂಡ್ರೆ ನಾಳೆಯಿಂದ ಹಲಗೆ ನಂಬೋರು ಯಾರು?"

"ನಂಬದೇ ಇದ್ರೆ ಇರ್ಲಿ ಬಿಡಿ" ಎಂದರು ಅಕ್ಕ, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ. "ಆ ಅಜ್ಜಿ ಕೊಳಲು ಪೆಟ್ಟಿಗೆ ಸೇರೋದಕ್ಕಿಂತ ನನ್ನ ಹಲಗೆ ಗುಜರಿ ಸೇರೋದು ವಾಸಿ."

ಅಲ್ಲಿಂದ ನೇರವಾಗಿ ಗುಂಡಿ ಅಂಗಡಿಯ ಯಜಮಾನರ ಮುಂದೆ ನಿಂತರು. ಯಜಮಾನರು ಕೆಟ್ಟವರಲ್ಲ, ಬಿಳಿ ಗುಂಡಿಯನ್ನೂ ಕೆನೆಬಣ್ಣದ ಗುಂಡಿಯನ್ನೂ ದಿನವಿಡೀ ಬೇರ್ಪಡಿಸಿ ಎಲ್ಲದರಲ್ಲೂ ವ್ಯತ್ಯಾಸ ಹುಡುಕುವ ಜಾಯಮಾನದವರು. ಪೂರ್ತಿ ಕೇಳಿಸಿಕೊಂಡು, "ಶನಿವಾರ ಸಂಜೆ ಅರ್ಧ ಕುರ್ಚಿ ತುಂಬಿದ್ರೆ ಕಪಾಟು ಇಳಿಸಲ್ಲ. ಇಲ್ಲದಿದ್ರೆ ಸೋಮವಾರ ಬಡಗಿ ಬರ್ತಾನೆ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಒಂದು ಮಾತು. ಎಲ್ಲರಿಗೂ ಹೋಗಿ ಹೋಗಿ ಅಂತ ಬರೀತೀರಲ್ಲ, ನೀವು ಒಂದು ದಿನನಾದ್ರೂ ಕೂತು ಕೇಳಿದ್ದೀರಾ?" ಎಂದು ಕೇಳಿದರು.

ಹನ್ನೊಂದು ವರ್ಷ, ಐದು ಹಾಲ್, ಒಂದು ಹಾಡಿಲ್ಲ. ಹಾಲ್‌ನಲ್ಲಿ ವಾದ್ಯ ಶ್ರುತಿ ಮಾಡುವ ಹೊತ್ತಿಗೆ ಅಕ್ಕ ರಾತ್ರಿಯ ಅಡುಗೆ ಮುಗಿಸಿ ಹಾಸಿಗೆ ಹಾಸುತ್ತಿರುತ್ತಾರೆ. ಮೂರೂವರೆಗೆ ಏಳುವವರ ಪಾಡು ಅದು.

ಶನಿವಾರ ಆರೂವರೆಗೆ ಅಕ್ಕನ ಸೊಸೆ ಅತ್ತೆಯನ್ನು ಕೈಹಿಡಿದು ಹತ್ತೊಂಬತ್ತು ಮೆಟ್ಟಿಲು ಇಳಿಸಿದಳು. ಒಳಗಿದ್ದವರು ಇಪ್ಪತ್ತು ಜನವೂ ಇಲ್ಲ. "ಅತ್ತೆ, ನಾಲ್ಕನೇ ಸಾಲಿನ ಮೂಲೆ ಹಿಡಿಯಿರಿ, ಕಾಲು ಚಾಚೋಕೆ ಜಾಗ ಇದೆ. ಎಣಿಸೋ ಕೆಲಸ ನನಗೆ ಬಿಡಿ" ಎಂದು ಸೊಸೆ ಕೂರಿಸಿದಳು. ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಶುರುವಾಯಿತು. ಲಾಡ್ಜ್‌ನಲ್ಲಿ ಇಳಿದಿದ್ದ ಒಂದು ದೊಡ್ಡ ಸಂಸಾರ. ಪಕ್ಕದ ಲಾಡ್ಜ್‌ನ ಐದಾರು ಜನ. ಹಲಗೆಯ ಫೋಟೋವನ್ನು ಫೋನಿನಲ್ಲಿ ಹಿಡಿದುಕೊಂಡು ದಾರಿ ಕೇಳುತ್ತಾ ಬಂದ ಇಬ್ಬರು ಗೆಳತಿಯರು. ಇಷ್ಟು ವರ್ಷ ಹಲಗೆಯವರು ತಪ್ಪೇ ಮಾಡಿಲ್ಲವಲ್ಲ ಎಂದು ಅನುಮಾನವಿತ್ತು, ಈಗ ನಂಬಿಕೆ ಬಂತು ಎಂದು ಅವರಲ್ಲೊಬ್ಬಳು ಕಾವಲುಗಾರನ ಹತ್ತಿರ ಹೇಳಿದಳಂತೆ. ಬೆಳಕು ಸಣ್ಣದಾದಾಗ ಸೊಸೆ ಅತ್ತೆಯ ಕಿವಿಯಲ್ಲಿ, "ಅರವತ್ತೊಂದು" ಎಂದು ಉಸುರಿದಳು. ಅರವತ್ತೊಂದನೆಯವರು ಸ್ವತಃ ಗುಂಡಿ ಅಂಗಡಿಯ ಯಜಮಾನರು, ಹಿಂದಿನ ಸಾಲಿನಲ್ಲಿ ಕೂತು ತಾವೂ ಎಣಿಸುತ್ತಿದ್ದರು.

ಆಮೇಲಿನದನ್ನು ಹೇಳುವಾಗ ಅಕ್ಕ ಮುಖ ಮುಚ್ಚಿಕೊಂಡು ನಗುತ್ತಾರೆ. ಎದೆಯ ಮೇಲಿನ ಭಾರ ಇಳಿಯಿತು, ಕುರ್ಚಿ ಮೆತ್ತಗಿತ್ತು, ಹೊತ್ತು ಮಲಗುವ ಹೊತ್ತು. ಅಜ್ಜಿ ಕೊಳಲು ತುಟಿಗಿಟ್ಟದ್ದು ನೆನಪಿದೆ, ಮೊದಲ ಸ್ವರ ನೆನಪಿದೆ. ಎರಡನೆಯ ನೆನಪು, "ಅತ್ತೆ, ಏಳಿ, ಎಲ್ಲರೂ ಹೊರಟರು" ಎಂಬ ಸೊಸೆಯ ದನಿ. "ಹನ್ನೊಂದು ವರ್ಷಕ್ಕೆ ಒಂದು ದಿನ ಹೋದೆ. ಹೋಗಿ ನಿದ್ದೆ ಹೊಡೆದೆ. ಆ ಅಜ್ಜಿ ಮುಖ ಹೆಂಗೆ ನೋಡ್ಲಿ ಅಂತ ಹಿಂದಿನ ಬಾಗಿಲಿಂದ ಬಂದೆ." ಸೊಸೆ ಇದನ್ನು ಮಾವನಿಗೆ ಹೇಳಿ, ಮಾವ ಒಳ್ಳೆಯ ಕಿವಿಯಲ್ಲಿ ಎರಡೆರಡು ಸಲ ಹೇಳಿಸಿಕೊಂಡು, ಮನೆಯೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಭಾನುವಾರ ಬೆಳಿಗ್ಗೆ ನೆಲಮಾಳಿಗೆಯ ನೆಲಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಕಾವಲುಗಾರ ಮೆಟ್ಟಿಲ ಮೇಲೆ ಎರಡೂ ಕೈ ಕಟ್ಟಿಕೊಂಡು ಕೂತಿದ್ದ. ಅಕ್ಕ ಬಗ್ಗಿ ಟಾರ್ಚ್ ಬಿಟ್ಟರು. ಮೊದಲ ಸಾಲು ಪೂರ್ತಿ ಹೊಳೆಯುತ್ತಿತ್ತು. ಎರಡನೆಯದು, ಮೂರನೆಯದು ಕೂಡ. ಹಿಂದಿನ ಸಾಲಿನಲ್ಲಿ ಯಜಮಾನರ ಕುರ್ಚಿಯ ಅಡಿಯಲ್ಲಿ ಚಿಕ್ಕದೊಂದು, ಸಂಕೋಚದ ಮಚ್ಚೆ. ಕೊನೆಗೆ ನಾಲ್ಕನೇ ಸಾಲಿನ ಮೂಲೆಯ ಕುರ್ಚಿ. ಅದರ ಅಡಿ ನೋಡುವುದೇ ಬೇಡ ಎಂದುಕೊಂಡಿದ್ದರು, ಆದರೂ ಅಭ್ಯಾಸಬಲದಿಂದ ಬೆಳಕು ಹೋಯಿತು. ಅಲ್ಲಿ, ಧೂಳಿನ ನಡುವೆ, ಅಂಗೈಯಷ್ಟು ನೆಲ ಫಳಫಳ ಹೊಳೆಯುತ್ತಿತ್ತು. ಎಡಗಾಲಿನದು. ಮೆಟ್ಟಿಲು ಕಂಡರೆ ಮುನಿಸಿಕೊಳ್ಳುವ, ದಿನಾ ಬೈಸಿಕೊಳ್ಳುವ ಅದೇ ಕಾಲು.

ಅಕ್ಕ ಎಷ್ಟೋ ಹೊತ್ತು ಏಳಲಿಲ್ಲ. ಮೊಣಕಾಲು ಹಿಡಿದುಕೊಂಡಿತೇನೋ ಎಂದು ಕಾವಲುಗಾರ ಓಡಿ ಬಂದರೆ, ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಆ ದಿನ ಅವರು ತೊಂಬತ್ತು ಕುರ್ಚಿಗಳಲ್ಲಿ ಎಂಬತ್ತೊಂಬತ್ತರ ಅಡಿಯಲ್ಲಿ ಮಾತ್ರ ಗುಡಿಸಿದರು.

ಸೋಮವಾರ ಬಡಗಿ ಬರಲಿಲ್ಲ. ಈಗ ನೆಲಮಾಳಿಗೆಯನ್ನು ಅಕ್ಕ ಮತ್ತು ಕಾವಲುಗಾರ ಸೇರಿ ಗುಡಿಸುತ್ತಾರೆ. ಮೊದಲು ಅಕ್ಕ ಓದುತ್ತಾರೆ, ಆಮೇಲೆ ಅವನು ಪೊರಕೆ ಹಿಡಿಯುತ್ತಾನೆ; ಒಪ್ಪಂದ ಹಾಗೆ. ನಿಮಗೆ ಇನ್ನೇನು ಆಸೆ ಎಂದು ಕೇಳಿದರೆ ಅಕ್ಕ ಹೆಚ್ಚು ಯೋಚಿಸುವುದಿಲ್ಲ. "ಯಾರಾದ್ರೂ ಮಧ್ಯಾಹ್ನ ಮೂರು ಗಂಟೆಗೆ ಒಂದು ಕಚೇರಿ ಇಟ್ರೆ ಎಚ್ಚರ ಇದ್ದು ಕೇಳ್ತೀನಿ. ಅಜ್ಜಿಗೆ ಹೇಳಿದ್ದೀನಿ, ನೋಡೋಣ ಅಂದಿದಾರೆ."

ಅಷ್ಟರಲ್ಲಿ ಒಂಬತ್ತೂವರೆ ಆಗುತ್ತದೆ. ಲಾಡ್ಜ್‌ನಲ್ಲಿ ಆಗಲೇ ನಾಲ್ಕೈದು ಜನ ಹಲಗೆಯ ಮುಂದೆ ಕಾಯುತ್ತಿದ್ದಾರೆ. ಅಕ್ಕ ಹಳೆಯದನ್ನು ಅಳಿಸಿ, ಕೆಂಪು ಕುರ್ಚಿಯ ಮುಂದೆ 'ಮಧ್ಯಂತರಕ್ಕೆ ಎದ್ದು ಬನ್ನಿ' ಎಂದು ಬರೆಯುತ್ತಾರೆ. ಕೊನೆಯ ಸಾಲನ್ನು ಮಾತ್ರ ಅಳಿಸುವುದಿಲ್ಲ. ಆ ಭಾನುವಾರದಿಂದ ಅದು ಹಾಗೇ ಇದೆ. 'ನೆಲಮಾಳಿಗೆ: ಹೋಗಿ. ನಾನೂ ಕೇಳಿದ್ದೇನೆ.'

"ಕೇಳಿದ್ದೆಲ್ಲಿ ಅಕ್ಕ, ಗೊರಕೆ ಹೊಡೆದ್ರಂತಲ್ಲ?" ಮ್ಯಾನೇಜರ್ ದಿನಕ್ಕೊಮ್ಮೆಯಾದರೂ ಕೆಣಕುತ್ತಾರೆ.

ಅಕ್ಕ ಬಕೆಟ್ ಎತ್ತಿಕೊಳ್ಳುತ್ತಾರೆ. "ನಾನು ಮಲಗಿದ್ದೆ. ಕಾಲು ಕೇಳಿದೆ. ನಾಲ್ಕನೇ ಸಾಲು, ಮೂಲೆ ಕುರ್ಚಿ. ಬಗ್ಗಿ ನೋಡ್ಕೊಂಡು ಬನ್ನಿ, ನಾನಿನ್ನೂ ಅಲ್ಲಿ ಗುಡಿಸಿಲ್ಲ."